ಟಿವಿ ಎದುರು ಉತ್ತರ ಕೂಗುವ ಮನೆ: ಗೇಮ್ ಶೋ ನಿಜಾನಾ, ಫಿಕ್ಸಾ, ಯಾಕಿಷ್ಟು ಹಿಡಿಸುತ್ತೆ?

ಹಾಸನದ ಕಡೆಯ ಓದುಗರೊಬ್ಬರ ಪ್ರಶ್ನೆ:

"ನಮಸ್ಕಾರ ಸರ್. ನಮ್ಮ ಮಾವನವರು ರಿಟೈರ್ಡ್ ಮೇಷ್ಟ್ರು, 74 ವರ್ಷ. ಟಿವಿಯಲ್ಲಿ ಕ್ವಿಜ್, ಗೇಮ್ ಶೋ ಏನೇ ಬರಲಿ, ಬಿಡುವುದಿಲ್ಲ. ಹಳೇ ಕೋಟ್ಯಧಿಪತಿ ಕಂತುಗಳನ್ನು ಮೊಬೈಲಿನಲ್ಲಿ ಹಾಕಿಸಿಕೊಂಡು ನೋಡುತ್ತಾರೆ. ಐದನೇ ಕ್ಲಾಸಿನ ನನ್ನ ಮಗಳೂ ತಾತನ ಪಕ್ಕ ಕೂರುತ್ತಾಳೆ. ಇಬ್ಬರೂ ಜೋರಾಗಿ ಉತ್ತರ ಕೂಗುತ್ತಾರೆ. ನಮ್ಮ ಯಜಮಾನರಿಗೆ ಇದು ಆಗಿಬರುವುದಿಲ್ಲ. 'ಎಲ್ಲಾ ಮೊದಲೇ ಫಿಕ್ಸ್ ಆಗಿರುತ್ತೆ, ದುಡ್ಡಿನ ಆಸೆ ತೋರಿಸಿ ಕೂರಿಸ್ತಾರೆ' ಅಂತಾರೆ. ಮಗಳು ಉತ್ತರ ತಪ್ಪಿದರೆ ಕೆಲವೊಮ್ಮೆ ಅಳುತ್ತಾಳೆ. ಹೋದ ವಾರ ಮಾವನವರ ವಾಟ್ಸಾಪ್‌ಗೆ '25 ಲಕ್ಷ ಗೆದ್ದಿದ್ದೀರಿ' ಅಂತ ಮೆಸೇಜ್ ಬಂದಿದೆ, ಅವರು ಅರ್ಧ ನಂಬಿದ್ದಾರೆ. ಅವಕಾಶ ಸಿಕ್ಕರೆ ತಾವೇ ಹೋಗಿ ಆಡಬೇಕು ಅನ್ನುವ ಆಸೆಯೂ ಇದೆ. ಈ ಶೋಗಳಲ್ಲಿ ನಿಜ ಎಷ್ಟು? ಇದು ಒಳ್ಳೆಯ ಅಭ್ಯಾಸವಾ, ಬರೀ ಟೈಮ್ ವೇಸ್ಟಾ?"

ಉತ್ತರ:

ಮೊದಲು ವಾಟ್ಸಾಪ್ ಮೆಸೇಜ್ ವಿಷಯ ಮುಗಿಸೋಣ, ಅದು ಕಾಯುವಂಥದ್ದಲ್ಲ. ಅದು ಮೋಸ. 'ಕೌನ್ ಬನೇಗಾ ಕರೋಡ್‌ಪತಿ'ಯ ಲೋಗೊ, ಅಮಿತಾಭ್ ಬಚ್ಚನ್ ಫೋಟೊ, ಒಂದು ಲಾಟರಿ ನಂಬರ್, ಜೊತೆಗೆ ಒಂದು ವಾಯ್ಸ್ ಮೆಸೇಜ್ ಇಟ್ಟುಕೊಂಡು ಈ 25 ಲಕ್ಷದ ಆಟ ವರ್ಷಗಳಿಂದ ನಡೆಯುತ್ತಿದೆ. ಎಷ್ಟೋ ಸಲ ನಂಬರ್ +92ರಿಂದ ಶುರುವಾಗುತ್ತದೆ, ಅಂದರೆ ಪಾಕಿಸ್ತಾನದ ಕೋಡ್. ತಿರುಗಿ ಫೋನ್ ಮಾಡಿದರೆ ಮೊದಲು 'ಪ್ರೊಸೆಸಿಂಗ್ ಫೀ', ಆಮೇಲೆ 'ಜಿಎಸ್‌ಟಿ', ಆಮೇಲೆ ಇನ್ನೇನೋ ಚಾರ್ಜ್ ಅಂತ ಒಂದೊಂದೇ ಕಂತು ಕೇಳುತ್ತಾರೆ. ಆ ಕಾರ್ಯಕ್ರಮದಲ್ಲಿ ಲಾಟರಿ ಅನ್ನುವುದೇ ಇಲ್ಲ. ಮನೆಯಲ್ಲಿ ಕೂತು ಆಡುವವರಿಗೆ ಬಹುಮಾನ ಇಟ್ಟದ್ದು ಉಂಟು. ಆದರೆ ಅದಕ್ಕೂ ಪ್ರಶ್ನೆಗೆ ನೀವೇ ಉತ್ತರ ಕಳಿಸಿರಬೇಕು. ಆಡದವರಿಗೆ ಬಹುಮಾನ ಬರುವುದಿಲ್ಲ.

ಮಾವನವರು ಹಣ ಕಳಿಸಿಲ್ಲ ತಾನೇ? ಬ್ಯಾಂಕ್ ವಿವರ, ಒಟಿಪಿ, ಆಧಾರ್ ಫೋಟೊ ಏನಾದರೂ ಕೊಟ್ಟಿದ್ದಾರಾ, ಕೇಳಿ. ಕೊಟ್ಟಿದ್ದರೆ ಬ್ಯಾಂಕಿಗೆ ಹೇಳಿ, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಸೈಬರ್ ಅಪರಾಧ ಸಹಾಯವಾಣಿ. ನಂಬರ್ ಬ್ಲಾಕ್ ಮಾಡುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ. ಮತ್ತೆ, ದಯವಿಟ್ಟು ಅವರನ್ನು ಗದರಬೇಡಿ. ದಿನಾ ಪ್ರೀತಿಯಿಂದ ನೋಡುವ ಕಾರ್ಯಕ್ರಮದ ಹೆಸರಿನಲ್ಲಿ ಮೆಸೇಜ್ ಬಂದಾಗ ಅರ್ಧ ನಂಬುವುದು ದಡ್ಡತನ ಅಲ್ಲ. ಮೋಸಗಾರರು ಆ ಪ್ರೀತಿಯನ್ನು ನೋಡಿಯೇ ಬಲೆ ಹಾಕುವುದು. ಗದರಿದರೆ ಮುಂದಿನ ಸಲ ಮೆಸೇಜ್ ಬಂದಾಗ ನಿಮಗೆ ತೋರಿಸುವುದಿಲ್ಲ. ಅಪಾಯ ಇರುವುದು ಅಲ್ಲಿ.

ಈಗ ಯಜಮಾನರ ಮಾತಿಗೆ ಬರೋಣ. 'ಎಲ್ಲಾ ಫಿಕ್ಸ್' ಅನ್ನುವ ಅನುಮಾನ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಒಂದು ನಿಜವಾದ ಇತಿಹಾಸ ಇದೆ. 1950ರ ದಶಕದ ಅಮೆರಿಕದಲ್ಲಿ 'ಟ್ವೆಂಟಿ ಒನ್' ಅಂತ ಒಂದು ಕ್ವಿಜ್ ಇತ್ತು. ಇಬ್ಬರು ಸ್ಪರ್ಧಿಗಳು, ಎರಡು ಗಾಜಿನ ಗೂಡುಗಳು, ಹೊರಗಿನ ಶಬ್ದ ಒಳಗೆ ಬರದಂತೆ ಏರ್ಪಾಡು. 1956ರ ಕೊನೆಯಲ್ಲಿ ಹರ್ಬರ್ಟ್ ಸ್ಟೆಂಪೆಲ್ ಅನ್ನುವ ಸ್ಪರ್ಧಿ ವಾರಗಟ್ಟಲೆ ಗೆಲ್ಲುತ್ತಾ ಬಂದರು. ಆಮೇಲೆ ನಿರ್ಮಾಪಕರು ಅವರಿಗೆ ಸೋಲಲು ಹೇಳಿದರು. ಸೋಲಬೇಕಾದ ಪ್ರಶ್ನೆ, ಆಸ್ಕರ್ ಪಡೆದ ಒಂದು ಸಿನಿಮಾದ ಹೆಸರು. ಆ ಸಿನಿಮಾ ಅವರಿಗೆ ತುಂಬಾ ಇಷ್ಟ, ಉತ್ತರ ಚೆನ್ನಾಗಿ ಗೊತ್ತು. ಆದರೂ ತಪ್ಪು ಹೇಳಬೇಕಾಯಿತು. ಗೆದ್ದವರು ಕೊಲಂಬಿಯಾ ವಿಶ್ವವಿದ್ಯಾಲಯದ ಮೇಷ್ಟ್ರು ಚಾರ್ಲ್ಸ್ ವ್ಯಾನ್ ಡೋರನ್. ಅವರಿಗೂ ಉತ್ತರಗಳನ್ನು ಮೊದಲೇ ಕೊಟ್ಟಿದ್ದರು. ಹಣೆಯ ಬೆವರು ಹೇಗೆ ಒರೆಸಿಕೊಳ್ಳಬೇಕು ಅನ್ನುವುದನ್ನೂ ಹೇಳಿಕೊಡುತ್ತಿದ್ದರಂತೆ. 1959ರ ನವೆಂಬರಿನಲ್ಲಿ ವ್ಯಾನ್ ಡೋರನ್ ಅಮೆರಿಕದ ಸಂಸತ್ತಿನ ಸಮಿತಿಯ ಎದುರು ಎಲ್ಲವನ್ನೂ ಒಪ್ಪಿಕೊಂಡರು. 1960ರಲ್ಲಿ ಅಲ್ಲಿ ಕಾನೂನೇ ಬದಲಾಯಿತು. ಟಿವಿ ಕ್ವಿಜ್‌ನ ಫಲಿತಾಂಶವನ್ನು ಒಳಗೊಳಗೇ ತೀರ್ಮಾನಿಸುವುದು ಅಪರಾಧ ಅಂತಾಯಿತು.

ಹಾಗಾಗಿ ನಿಮ್ಮ ಯಜಮಾನರ ಅನುಮಾನಕ್ಕೆ ಬೇರು ಇದೆ. ಆದರೆ ಅದರ ನಂತರದ ಕಥೆಯನ್ನೂ ಅವರಿಗೆ ಹೇಳಿ. ದೊಡ್ಡ ಹಣದ ಕ್ವಿಜ್‌ಗಳಲ್ಲಿ ಈಗ ನಿರ್ಮಾಪಕರಿಗೇ ಹೆದರಿಕೆ ಜಾಸ್ತಿ. ಇಂಗ್ಲೆಂಡಿನ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ಕಾರ್ಯಕ್ರಮದಲ್ಲಿ 2001ರಲ್ಲಿ ಚಾರ್ಲ್ಸ್ ಇಂಗ್ರಮ್ ಅನ್ನುವ ಸೇನೆಯ ಮೇಜರ್ ಹತ್ತು ಲಕ್ಷ ಪೌಂಡ್‌ವರೆಗೆ ಹೋದರು. ಸರಿಯುತ್ತರದ ಹೊತ್ತಿಗೆ ಜೊತೆಗಾರನ ಕೆಮ್ಮು ಕೇಳಿಬಂತು ಅಂತ ಆರೋಪ ಬಂತು. ನಿರ್ಮಾಪಕರು ಹಣ ತಡೆಹಿಡಿದರು, ಪೊಲೀಸ್ ಕೇಸ್ ಆಯಿತು, 2003ರಲ್ಲಿ ಇಂಗ್ರಮ್, ಅವರ ಹೆಂಡತಿ, ಕೆಮ್ಮಿದ ಜೊತೆಗಾರ, ಮೂವರನ್ನೂ ಕೋರ್ಟ್ ತಪ್ಪಿತಸ್ಥರು ಅಂದಿತು. ಅಲ್ಲಿ ಮೋಸ ಮಾಡಲು ಹೋದವರು ಆಡಲು ಬಂದವರು, ಆಡಿಸುವವರಲ್ಲ.

ನಮ್ಮ ಕೋಟ್ಯಧಿಪತಿ, ಹಿಂದಿಯ ಕೆಬಿಸಿ (ಕೌನ್ ಬನೇಗಾ ಕರೋಡ್‌ಪತಿ), ಎರಡೂ ಅದೇ ಇಂಗ್ಲೆಂಡಿನ ಕಾರ್ಯಕ್ರಮದಿಂದ ಲೈಸನ್ಸ್ ಪಡೆದು ಬಂದವು. ಇಂಥ ಮಾದರಿ ಕೊಂಡಾಗ ಸೆಟ್ಟು, ಸಂಗೀತದ ಜೊತೆಗೆ ನಿಯಮಗಳ ದಪ್ಪ ಕಟ್ಟೂ ಬರುತ್ತದೆ. ನಾನು ಪ್ರಶ್ನೆ ಬರೆಯುವ ಕೆಲಸದಲ್ಲಿ ಇರುವವನು. ಹಣದ ಕ್ವಿಜ್‌ನಲ್ಲಿ ಪ್ರಶ್ನೆ ಬರೆದವರು ಸ್ಪರ್ಧಿಗಳ ಹತ್ತಿರ ಸುಳಿಯುವಂತಿಲ್ಲ, ಇಂಥ ಸ್ಪರ್ಧಿಗೆ ಇಂಥ ಪ್ರಶ್ನೆ ಅಂತ ಆರಿಸುವಂತಿಲ್ಲ. ಸ್ಪರ್ಧಿಗಳ ಫೋನ್ ಮೊದಲೇ ತೆಗೆದಿಟ್ಟುಕೊಳ್ಳುತ್ತಾರೆ.

ಹಾಗಾದರೆ ತೆರೆಯ ಹಿಂದೆ ಏನೂ ನಡೆಯುವುದಿಲ್ವಾ? ನಡೆಯುತ್ತೆ, ಬೇಕಾದಷ್ಟು. ಯಾರನ್ನು ಆಡಲು ಕರೆಯಬೇಕು ಅನ್ನುವುದನ್ನು ಬರೀ ಜ್ಞಾನ ನೋಡಿ ತೀರ್ಮಾನಿಸುವುದಿಲ್ಲ. ಮಾತು ಬರುತ್ತದಾ, ಹಿಂದೆ ಒಂದು ಕಥೆ ಇದೆಯಾ ಅಂತಲೂ ನೋಡುತ್ತಾರೆ. ಗಂಟೆಗಟ್ಟಲೆ ಶೂಟ್ ಮಾಡಿದ್ದನ್ನು ಕತ್ತರಿಸಿ ಒಂದು ಕಂತು ಮಾಡುತ್ತಾರೆ. ಅಮೆರಿಕದ 'ಜೆಪರ್ಡಿ'ಯಲ್ಲಿ ಒಂದೇ ದಿನ ಐದು ಕಂತು ರೆಕಾರ್ಡ್ ಆಗುತ್ತದೆ, ಗೆದ್ದವರು ಬಟ್ಟೆ ಬದಲಿಸಿಕೊಂಡು ಬಂದು 'ನಾಳೆಯ' ಕಂತಿಗೆ ನಿಲ್ಲುತ್ತಾರೆ. ಪ್ರೇಕ್ಷಕರ ಚಪ್ಪಾಳೆಗೆ, ಕಣ್ಣೀರಿಗೆ ಎಡಿಟಿಂಗ್ ಟೇಬಲ್ ಮೇಲೆ ಜಾಗ ಬದಲಾಗಬಹುದು. ಸಿನಿಮಾ, ಸೀರಿಯಲ್ ನಟರು ಬಂದು ಆಡುವ ತಮಾಷೆಯ ಶೋಗಳಲ್ಲಂತೂ ಮಾತುಕತೆಯ ಎಷ್ಟೋ ಭಾಗವನ್ನು ಮೊದಲೇ ಬರೆದಿರುತ್ತಾರೆ. ಅಲ್ಲಿ ಯಾರು ಗೆದ್ದರು ಅನ್ನುವುದು ಮುಖ್ಯವೂ ಅಲ್ಲ. ಹಣದ ಕ್ವಿಜ್ ಮತ್ತು ನಗಿಸುವ ಶೋ, ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಿ 'ಫಿಕ್ಸ್' ಅಂದಾಗ ಯಜಮಾನರ ಮಾತು ಅರ್ಧ ಸರಿ, ಅರ್ಧ ತಪ್ಪು ಆಗುತ್ತದೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಘಟನೆ ಹೇಳಲೇಬೇಕು. 1984ರಲ್ಲಿ ಅಮೆರಿಕದ 'ಪ್ರೆಸ್ ಯುವರ್ ಲಕ್' ಅನ್ನುವ ಶೋಗೆ ಒಹಾಯೊ ರಾಜ್ಯದಿಂದ ಮೈಕಲ್ ಲಾರ್ಸನ್ ಅನ್ನುವವರು ಬಂದರು. ಐಸ್‌ಕ್ರೀಂ ಗಾಡಿ ಓಡಿಸುವವರು ಅಂತ ಪರಿಚಯ. ಆಟ ಇಷ್ಟೇ: ದೊಡ್ಡ ಬೋರ್ಡಿನ ಚೌಕಗಳ ಮೇಲೆ ಬೆಳಕು ಹಾರುತ್ತಿರುತ್ತದೆ, ಬಟನ್ ಒತ್ತಿದಾಗ ಎಲ್ಲಿ ನಿಲ್ಲುತ್ತೋ ಅಷ್ಟು ಹಣ. ಕೆಟ್ಟ ಚೌಕಕ್ಕೆ ಬಿದ್ದರೆ ಗೆದ್ದದ್ದೆಲ್ಲಾ ಸೊನ್ನೆ. ಎಲ್ಲರೂ ಅದನ್ನು ಬರೀ ಅದೃಷ್ಟ ಅಂದುಕೊಂಡಿದ್ದರು. ಲಾರ್ಸನ್ ಮನೆಯಲ್ಲಿ ಕಂತುಗಳನ್ನು ರೆಕಾರ್ಡ್ ಮಾಡಿಕೊಂಡು, ಮತ್ತೆ ಮತ್ತೆ ನಿಲ್ಲಿಸಿ ನೋಡಿ, ಬೆಳಕು ಐದೇ ಐದು ದಾರಿಗಳಲ್ಲಿ ಸುತ್ತುತ್ತದೆ ಅಂತ ಕಂಡುಹಿಡಿದಿದ್ದರು. ಆ ದಾರಿಗಳನ್ನು ಬಾಯಿಪಾಠ ಮಾಡಿಕೊಂಡು ಬಂದು ಒಂದೇ ಆಟದಲ್ಲಿ 1,10,237 ಡಾಲರ್ ಗೆದ್ದರು. ವಾಹಿನಿಯವರು ತಲೆಕೆಡಿಸಿಕೊಂಡು ನಿಯಮಗಳನ್ನೆಲ್ಲಾ ಹುಡುಕಿದರು. ಗಮನವಿಟ್ಟು ನೋಡಬಾರದು ಅನ್ನುವ ನಿಯಮ ಎಲ್ಲೂ ಇರಲಿಲ್ಲ. ಹಣ ಕೊಟ್ಟರು, ಬೋರ್ಡಿಗೆ ಹೊಸ ದಾರಿಗಳನ್ನು ಸೇರಿಸಿದರು. ಟಿವಿ ಎದುರು ಕೂತವರು ಸುಮ್ನೆ ಕೂತಿರುತ್ತಾರೆ ಅಂತ ಯಾರಾದರೂ ಅಂದರೆ ನನಗೆ ಲಾರ್ಸನ್ ನೆನಪಾಗುತ್ತಾರೆ.

ನಿಮ್ಮ ಪ್ರಶ್ನೆಯ ತಿರುಳು ಇರುವುದೂ ಇಲ್ಲೇ. ನಿಮ್ಮ ಮನೆಯಲ್ಲಿ ತಾತ, ಮೊಮ್ಮಗಳು ನೋಡುತ್ತಿಲ್ಲ, ಆಡುತ್ತಿದ್ದಾರೆ. ಸೀರಿಯಲ್ಲಿನಲ್ಲಿ ಮುಂದೇನಾಗುತ್ತೆ ಅಂತ ಕಾಯಬೇಕು. ಕ್ರಿಕೆಟ್‌ನಲ್ಲಿ ಕೂಗಬಹುದು, ಬ್ಯಾಟ್ ಹಿಡಿಯುವಂತಿಲ್ಲ. ಕ್ವಿಜ್‌ನಲ್ಲಿ ಮಾತ್ರ ಹಾಟ್‌ಸೀಟಿನಲ್ಲಿ ಕೂತವರಿಗೂ ಸೋಫಾದಲ್ಲಿ ಕೂತವರಿಗೂ ಒಂದೇ ಪ್ರಶ್ನೆ, ಒಂದೇ ಸಮಯ. ಸ್ಪರ್ಧಿ ತಡಕಾಡುತ್ತಿರುವಾಗ ನಿಮ್ಮ ಮಗಳು ಸರಿಯುತ್ತರ ಕೂಗಿದರೆ, ಆ ಒಂದು ಕ್ಷಣಕ್ಕೆ ಅವಳು ಟಿವಿಯಲ್ಲಿರುವವರಿಗಿಂತ ಮುಂದೆ. ಸೋತರೆ ಒಂದು ಪೈಸೆ ಹೋಗುವುದಿಲ್ಲ. ಬಹುಮಾನದ ಮೊತ್ತ ಜನರನ್ನು ಮೊದಲ ದಿನ ಕರೆತರಬಹುದು, ಎರಡನೇ ವಾರಕ್ಕೂ ಕೂರಿಸುವುದು ಈ ಕ್ಷಣ.

ಇದಕ್ಕೆ ನಮ್ಮ ಕನ್ನಡದಲ್ಲೇ ದೊಡ್ಡ ಸಾಕ್ಷಿ ಇದೆ. ದೂರದರ್ಶನ ಚಂದನದ 'ಥಟ್ ಅಂತ ಹೇಳಿ' 2002ರ ಜನವರಿಯಲ್ಲಿ ಶುರುವಾಯಿತು. ನಡೆಸಿಕೊಡುವವರು ವೈದ್ಯರೂ ಲೇಖಕರೂ ಆದ ಡಾ. ನಾ. ಸೋಮೇಶ್ವರ. ಮೂರು ಸಾವಿರಕ್ಕೂ ಜಾಸ್ತಿ ಕಂತುಗಳು ಬಂದಿವೆ. ಅಲ್ಲಿ ಕೋಟಿ ಇಲ್ಲ, ಲಕ್ಷ ಇಲ್ಲ. ಸರಿಯುತ್ತರಕ್ಕೆ ಕೊಡುವುದು ಕನ್ನಡ ಪುಸ್ತಕ. ದುಡ್ಡಿನ ಆಸೆಯೇ ಜನರನ್ನು ಕೂರಿಸುತ್ತದೆ ಅನ್ನುವುದಾದರೆ ಈ ಕಾರ್ಯಕ್ರಮ ಇಷ್ಟು ವರ್ಷ ಹೇಗೆ ಉಳಿಯಿತು? ಯಜಮಾನರನ್ನು ಇದೊಂದು ಕೇಳಿ ನೋಡಿ.

ಒಳ್ಳೆಯ ಪ್ರಶ್ನೆ ಹೇಗಿರುತ್ತೆ ಅಂತ ಹೇಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನನ್ನ ಕೆಲಸದ ಒಂದು ಉದಾಹರಣೆ ತಗೊಳ್ಳಿ. 'ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು ಯಾವ ವರ್ಷ?' ಆಯ್ಕೆಗಳು: 1947, 1950, 1956, 1973. ಪ್ರಶ್ನೆ ಬಂದ ತಕ್ಷಣ ಮನೆಯಲ್ಲಿ ಅರ್ಧ ಜನ '1956' ಅಂತ ಕೂಗುತ್ತಾರೆ. ರಾಜ್ಯೋತ್ಸವ, ಏಕೀಕರಣ ಎಲ್ಲವೂ ತಲೆಯಲ್ಲಿ ಆ ವರ್ಷಕ್ಕೇ ಅಂಟಿಕೊಂಡಿರುತ್ತದೆ. ಆದರೆ ಏಕೀಕರಣ ಆದಾಗ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಅಂತ ಆದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸು ಮುಖ್ಯಮಂತ್ರಿಗಳಾಗಿದ್ದಾಗ. ನಿಮ್ಮ ಮಾವನವರಿಗೆ ಆಗ ಇಪ್ಪತ್ತೊಂದು, ಇಪ್ಪತ್ತೆರಡು ವರ್ಷ ಇದ್ದಿರಬೇಕು. ಅವರು ಅದನ್ನು ಪುಸ್ತಕದಲ್ಲಿ ಓದಿದವರಲ್ಲ, ಕಣ್ಣಾರೆ ಕಂಡವರು.

ಈ ನಾಲ್ಕು ಆಯ್ಕೆಗಳ ಒಳಗಿನ ಕೆಲಸ ನೋಡಿ. 1947 ಮತ್ತು 1950, ಏನೂ ಗೊತ್ತಿಲ್ಲದಿದ್ದರೂ ಊಹೆ ಮಾಡುವವರಿಗೆ. 1956, ಅರ್ಧ ಗೊತ್ತಿರುವವರಿಗೆ. 1973, ಪೂರ್ತಿ ಗೊತ್ತಿರುವವರಿಗೆ. ಪ್ರಶ್ನೆ ಬರೆಯುವಾಗ ನಾವು ಜಾಸ್ತಿ ಹೊತ್ತು ಕೂರುವುದು ಆ ಮೂರನೇ ಆಯ್ಕೆಯ ಮೇಲೆ. ಅದು ಗಟ್ಟಿಯಾಗಿದ್ದರೆ ಮಾತ್ರ ಮನೆಯಲ್ಲಿ ವಾದ ಹುಟ್ಟುತ್ತದೆ. 'ಅಲ್ವೇ ಅಲ್ಲ' ಅಂತ ಒಬ್ಬರು, 'ನೋಡ್ತಿರು' ಅಂತ ಇನ್ನೊಬ್ಬರು. ಉತ್ತರ ಬಂದಾಗ ತಪ್ಪು ಹೇಳಿದವರಿಗೂ 'ಛೇ, ಗೊತ್ತಿತ್ತಲ್ಲ' ಅನಿಸಬೇಕು. 'ಇದು ಯಾರಿಗೆ ಗೊತ್ತಿರುತ್ತೆ' ಅನಿಸಿದರೆ ಆ ಪ್ರಶ್ನೆ ಸೋತಂತೆ.

ಕೆಟ್ಟ ಪ್ರಶ್ನೆಗೂ ಒಂದು ಉದಾಹರಣೆ ಕೊಡುತ್ತೇನೆ. 'ಕರ್ನಾಟಕದ ಅತಿ ಉದ್ದದ ನದಿ ಯಾವುದು?' ಕೇಳಲು ಸುಲಭ. ಆದರೆ ಕರ್ನಾಟಕದಲ್ಲಿ ಹುಟ್ಟಿದ ನದಿಯಾ, ಕರ್ನಾಟಕದೊಳಗೆ ಹರಿಯುವ ಉದ್ದವಾ, ಇಲ್ಲಿ ಹಾದುಹೋಗುವ ನದಿಯ ಒಟ್ಟು ಉದ್ದವಾ? ಮೂರಕ್ಕೂ ಬೇರೆ ಬೇರೆ ಲೆಕ್ಕ. ಇಂಥ ಪ್ರಶ್ನೆಯಲ್ಲಿ ತಪ್ಪಿದವರಿಗೆ ಅನ್ಯಾಯ ಆಯಿತು ಅನಿಸುತ್ತದೆ, ಅದು ನ್ಯಾಯವಾದ ಕೋಪ. ಮನೆಯಲ್ಲಿ ಮಗಳಿಗೆ ತಾತ ಪ್ರಶ್ನೆ ಕೇಳುವಾಗಲೂ ಇದನ್ನು ನೋಡಿಕೊಳ್ಳಲಿ.

ಕೋಟ್ಯಧಿಪತಿ ಮಾದರಿ ಯಾಕೆ ಅಷ್ಟು ಬಿಗಿಯಾಗಿ ಹಿಡಿಯುತ್ತೆ ಅನ್ನುವುದು ಇನ್ನೊಂದು ಸೊಗಸಾದ ವಿಷಯ. ಮೂಲ ಕಾರ್ಯಕ್ರಮ ಇಂಗ್ಲೆಂಡಿನಲ್ಲಿ ಶುರುವಾದದ್ದು 1998ರ ಸೆಪ್ಟೆಂಬರಿನಲ್ಲಿ, ಕೆಬಿಸಿ 2000ದ ಜುಲೈನಲ್ಲಿ, ಕನ್ನಡದ್ದು 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಜೊತೆ. ಈ ಆಟದ ಜಾಣ್ಮೆ ಒಂದು ಸಣ್ಣ ನಿಯಮದಲ್ಲಿದೆ: ಪ್ರಶ್ನೆಯನ್ನು ನೋಡಿದ ಮೇಲೂ 'ಆಡಲ್ಲ' ಅಂತ ಹೇಳಿ ಇದ್ದ ಹಣ ತಗೊಂಡು ಎದ್ದುಹೋಗಬಹುದು. ಹೆಚ್ಚಿನ ಕ್ವಿಜ್‌ಗಳಲ್ಲಿ ಪ್ರಶ್ನೆ ಬಂದಮೇಲೆ ಉತ್ತರ ಹೇಳಲೇಬೇಕು. ಇಲ್ಲಿ ಗೊತ್ತಿದೆಯಾ ಅನ್ನುವುದರ ಜೊತೆಗೆ, ಗೊತ್ತಿರುವುದರ ಮೇಲೆ ಎಷ್ಟು ನಂಬಿಕೆ ಇದೆ ಅನ್ನುವ ಪರೀಕ್ಷೆಯೂ ನಡೆಯುತ್ತದೆ. ಕೈಗೆ ಬಂದದ್ದು ಹೋಗುವ ನೋವು, ಅಷ್ಟೇ ಮೊತ್ತ ಸಿಗುವ ಖುಷಿಗಿಂತ ಜಾಸ್ತಿ ಅಂತ ಕಾನಮನ್ ಮತ್ತು ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ತೋರಿಸಿದ್ದರು. ಆ ನೋವು, ಆ ಆಸೆ ಎರಡೂ ಸ್ಪರ್ಧಿಯ ಮುಖದ ಮೇಲೆ ಓಡಾಡುವುದನ್ನು ನಾವು ಹತ್ತಿರದಿಂದ ನೋಡುತ್ತೇವೆ. 'ಸಾಕು, ಎದ್ದು ಬಾರಪ್ಪ' ಅಂತ ಮಾವನವರು ಕೂಗುತ್ತಾರೆ ಅಲ್ವಾ, ಅದು ಈ ನಿಯಮ ಮಾಡುವ ಕೆಲಸ.

ಅದಕ್ಕೆ ತಕ್ಕ ಹಾಗೆ ಸಂಗೀತ, ಬೆಳಕು. ಮೂಲ ಮಾದರಿಯಲ್ಲಿ ಮೊದಲ ಕೆಲವು ಪ್ರಶ್ನೆಗಳಾದ ಮೇಲೆ ಪ್ರತಿ ಪ್ರಶ್ನೆಗೂ ಹಿನ್ನೆಲೆ ಸಂಗೀತದ ಶ್ರುತಿ ಅರ್ಧ ಸ್ವರ ಏರುತ್ತಾ ಹೋಗುತ್ತದೆ. ಪ್ರೇಕ್ಷಕರಿಗೆ ಅದು ಗೊತ್ತೂ ಆಗುವುದಿಲ್ಲ, ಎದೆ ಮಾತ್ರ ಹೊಡೆದುಕೊಳ್ಳುತ್ತದೆ. ಮುಂದಿನ ಸಲ ಕಣ್ಣುಮುಚ್ಚಿ ಬರೀ ಸಂಗೀತ ಕೇಳಿ ನೋಡಿ. ಕನ್ನಡದಲ್ಲಿ ಇದಕ್ಕೆ ಇನ್ನೊಂದು ಸೇರಿತ್ತು. ಪುನೀತ್ ಅವರು ಸ್ಪರ್ಧಿ ಸೋತಾಗ ಮುಖದ ಮೇಲೆ ತೋರಿಸುತ್ತಿದ್ದ ಬೇಸರ, ಮನೆಯವರ ಬೇಸರದ ಹಾಗೇ ಇರುತ್ತಿತ್ತು. ನಡೆಸಿಕೊಡುವವರು ಸ್ಪರ್ಧಿಯ ಪಕ್ಷ ಅಂತ ನಮಗೆ ಅನಿಸದಿದ್ದರೆ ಈ ಆಟ ಬರೀ ಪರೀಕ್ಷಾ ಕೊಠಡಿ ಆಗಿಬಿಡುತ್ತದೆ.

ಜ್ಞಾನವೇ ಬೇಡದ ಆಟಗಳೂ ಇವೆ, ಅವನ್ನು ಕಡಿಮೆ ಅಂತ ನೋಡಬೇಡಿ. 2017ರಲ್ಲಿ ಪುನೀತ್ ಅವರೇ ಕಲರ್ಸ್ ಕನ್ನಡದಲ್ಲಿ ನಡೆಸಿಕೊಟ್ಟ 'ಫ್ಯಾಮಿಲಿ ಪವರ್' ನೆನಪಿದೆಯಾ? ಅದರ ಮೂಲ 1976ರಲ್ಲಿ ಅಮೆರಿಕದಲ್ಲಿ ಶುರುವಾದ 'ಫ್ಯಾಮಿಲಿ ಫ್ಯೂಡ್'. ಅಲ್ಲಿ ಸರಿಯುತ್ತರ ಏನು ಅಂತ ಕೇಳುವುದಿಲ್ಲ, ನೂರು ಜನ ಏನು ಹೇಳಿರಬಹುದು ಅಂತ ಕೇಳುತ್ತಾರೆ. 'ಬೆಳಿಗ್ಗೆ ಎದ್ದ ಕೂಡಲೇ ಮನೆಯಲ್ಲಿ ಜನ ಹುಡುಕುವ ವಸ್ತು ಯಾವುದು?' ಅಂದರೆ ಮೊಬೈಲು, ಕನ್ನಡಕ, ಚಪ್ಪಲಿ, ಬ್ರಷ್ಷು. ಇಲ್ಲಿ ಓದು ಕೆಲಸಕ್ಕೆ ಬರುವುದಿಲ್ಲ, ಜನರನ್ನು ಬಲ್ಲವರು ಗೆಲ್ಲುತ್ತಾರೆ. ಕ್ವಿಜ್ ಬಂದಾಗ ಸುಮ್ಮನೆ ಕೂರುವ ಅತ್ತೆಯವರೋ ಅಜ್ಜಿಯವರೋ ಇಂಥದ್ದರಲ್ಲಿ ಎಲ್ಲರನ್ನೂ ಹಿಂದೆ ಹಾಕುವುದನ್ನು ನಾನು ಕಂಡಿದ್ದೇನೆ. ಗಣೇಶ್ ನಡೆಸಿಕೊಟ್ಟ 'ಸೂಪರ್ ಮಿನಿಟ್'ನಲ್ಲಿ ಒಂದು ನಿಮಿಷದಲ್ಲಿ ಮಾಡಿ ಮುಗಿಸುವ ಕೈಚಳಕದ ಆಟಗಳು. ಪೇಪರ್ ಲೋಟ, ಚೆಂಡು ಇದ್ದರೆ ಮನೆಯಲ್ಲೇ ಆಡಬಹುದು, ಮಕ್ಕಳೇ ಗೆಲ್ಲುತ್ತಾರೆ.

ನನ್ನನ್ನು ಕೇಳಿದರೆ, ಒಂದು ಶೋ ಒಳ್ಳೆಯದಾ ಅಂತ ತೀರ್ಮಾನಿಸಲು ಬಹುಮಾನ ನೋಡಬೇಡಿ, ಸೆಟ್ಟು ನೋಡಬೇಡಿ. ಮನೆಯವರು ಬಾಯಿಬಿಟ್ಟು ಆಡಲು ಅದು ಎಷ್ಟು ಜಾಗ ಕೊಡುತ್ತದೆ ನೋಡಿ. ಅರ್ಧ ಗಂಟೆಯಲ್ಲಿ ಮೂರೇ ಪ್ರಶ್ನೆ, ಉಳಿದದ್ದೆಲ್ಲಾ ಅಳು ಮತ್ತು ಜಾಹೀರಾತು ಆದರೆ ಅದು ಬರೀ ನೋಡುವ ಶೋ. ಅದನ್ನು ಕಡಿಮೆ ಮಾಡಿದರೆ ನಷ್ಟ ಇಲ್ಲ.

ಮಗಳ ಅಳುವಿನ ವಿಷಯ. ಹತ್ತು ವರ್ಷದ ಮಗು ತಪ್ಪಿದಾಗ ಅಳುವುದು ಅಸಹಜ ಅಲ್ಲ, ಆದರೆ ಯಾವಾಗ ಅಳುತ್ತಾಳೆ ಅಂತ ಒಂದೆರಡು ದಿನ ಗಮನಿಸಿ. ತಾತ ಮೊದಲು ಕೂಗಿಬಿಟ್ಟಾಗಲಾ? ಯಾರಾದರೂ ನಕ್ಕಾಗಲಾ? ಹೆಚ್ಚಾಗಿ ಕಾರಣ ಸೋಲು ಅಲ್ಲ, ಅವಕಾಶ ಸಿಗದೇ ಇರುವುದು. ಮೇಷ್ಟ್ರಾಗಿದ್ದವರ ಜೊತೆ ಐದನೇ ಕ್ಲಾಸಿನ ಹುಡುಗಿ ಸ್ಪೀಡಿನಲ್ಲಿ ಗೆಲ್ಲುವುದು ಹೇಗೆ? ಹಳೇ ಕಂತುಗಳನ್ನು ಮೊಬೈಲಿನಲ್ಲಿ ನೋಡುವುದಾದರೆ ಸುಲಭ ದಾರಿ ಇದೆ. ಆಯ್ಕೆಗಳು ಬಂದ ತಕ್ಷಣ ವಿಡಿಯೊ ನಿಲ್ಲಿಸಿ. ಇಬ್ಬರೂ ಚೀಟಿಯಲ್ಲಿ ಉತ್ತರ ಬರೆದಿಡಲಿ, ಆಮೇಲೆ ಮುಂದುವರಿಸಿ. ಮೊದಲ ಐದು ಪ್ರಶ್ನೆ ಅವಳಿಗೆ ಮಾತ್ರ ಅಂತಲೂ ಮಾಡಬಹುದು. ಕೋಟ್ಯಧಿಪತಿಯಲ್ಲಿ ಮೊದಲ ಪ್ರಶ್ನೆಗಳು ಸುಲಭ ಇರುವುದಕ್ಕೆ ಒಂದು ಕಾರಣ ಸ್ಪರ್ಧಿಯ ಗಾಬರಿ ಇಳಿಸುವುದು, ಇನ್ನೊಂದು ಕಾರಣ ನಿಮ್ಮ ಮಗಳಂಥ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳುವುದು.

ಕೆಲವು ದಿನ ಇಬ್ಬರೂ ಒಂದೇ ತಂಡ ಆಗಲಿ, ಮಾತಾಡಿಕೊಂಡು ಒಂದೇ ಉತ್ತರ ಕೊಡಲಿ. ಜನ ಸೇರಿ ಹೇಳಿದ ಉತ್ತರಕ್ಕೆ ಬಲ ಜಾಸ್ತಿ. ಅಮೆರಿಕದ ಮಿಲಿಯನೇರ್ ಆವೃತ್ತಿಯ ಲೆಕ್ಕ ತೆಗೆದಾಗ ಗೊತ್ತಾಗದ ಸ್ಪರ್ಧಿಗೆ ಸ್ಟುಡಿಯೊ ಪ್ರೇಕ್ಷಕರು ಕೊಟ್ಟ ಉತ್ತರ ಸುಮಾರು 91% ಸರಿ ಇತ್ತು, ಫೋನ್ ಮಾಡಿ ಕೇಳಿದ ಗೆಳೆಯರದ್ದು ಸುಮಾರು 65%. ಸುಲಭ ಪ್ರಶ್ನೆಗಳಿಗೇ ಜನ ಪ್ರೇಕ್ಷಕರನ್ನು ಕೇಳುತ್ತಾರೆ, ಹಾಗಾಗಿ ಈ ಎರಡನ್ನು ನೇರವಾಗಿ ಹೋಲಿಸುವಂತಿಲ್ಲ. ಆದರೂ 91 ಸಣ್ಣ ಸಂಖ್ಯೆ ಅಲ್ಲ.

ಇದು ಓದಿಗೆ ಬದಲಿ ಅಂತ ಮಾತ್ರ ಅಂದುಕೊಳ್ಳಬೇಡಿ. ಕ್ವಿಜ್ ಕೊಡುವುದು ಬಿಡಿಬಿಡಿ ಸಂಗತಿ. 1973 ಅಂತ ಮಗಳಿಗೆ ನೆನಪಿರುತ್ತೆ, ಹೆಸರು ಯಾಕೆ ಬದಲಾಯಿತು, ಯಾರು ಬೇಕು ಅಂದರು, ಯಾರು ಬೇಡ ಅಂದರು ಅನ್ನುವುದು ಶೋನಲ್ಲಿ ಬರುವುದಿಲ್ಲ. ಅದನ್ನು ತಾತ ಹೇಳಲಿ. ಒಂದು ಕಂತಿಗೆ ಒಂದೇ ಪ್ರಶ್ನೆಯ ಹಿಂದಿನ ಕಥೆ ಸಾಕು. ಇನ್ನು ರಾತ್ರಿ ಎಷ್ಟು ಹೊತ್ತು ಅನ್ನುವುದಕ್ಕೆ ಒಂದು ಮಿತಿ ಇರಲಿ. ಮೊಬೈಲಿನಲ್ಲಿ ಒಂದಾದ ಮೇಲೆ ಒಂದು ಕಂತು ತಾನೇ ಓಡುತ್ತದೆ. ಅದನ್ನು ಆಫ್ ಮಾಡಿಡಿ.

ಒಂದು ವಿಷಯದಲ್ಲಿ ನಾನು ಯಜಮಾನರ ಕಡೆ. ಕ್ವಿಜ್ ಹೆಸರಿನಲ್ಲಿ ಹಣ ಕಟ್ಟಿಸಿಕೊಳ್ಳುವ ಆಪ್‌ಗಳಿಂದ ಮನೆಯವರೆಲ್ಲಾ ದೂರ ಇರಬೇಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಪಾಸ್ ಮಾಡಿತು. ಸೋಫಾದಲ್ಲಿ ಕೂತು ತಪ್ಪು ಉತ್ತರ ಕೂಗಿದರೆ ಏನೂ ಹೋಗುವುದಿಲ್ಲ ಅನ್ನುವುದೇ ಈ ಆಟದ ಸುಖ ಅಂದೆನಲ್ಲ, ಆ ಆಪ್‌ಗಳು ಕಿತ್ತುಕೊಳ್ಳುವುದು ಅದನ್ನೇ.

ಕೊನೆಗೆ ಮಾವನವರ ಆಸೆ. ಹೋಗಲಿ, ಪ್ರಯತ್ನಿಸಲಿ. 74 ವರ್ಷ ಅಡ್ಡಿ ಅಲ್ಲ. ಸುಲಭವಾದ ದಾರಿ ಪುಸ್ತಕ ಕೊಡುವ ಕ್ವಿಜ್: ಒತ್ತಡ ಕಡಿಮೆ, ಆಡಿದ ಖುಷಿ ಪೂರ್ತಿ. ಹಣದ ಶೋಗಳಿಗೆ ಹೊಸ ಸೀಸನ್ ಬಂದಾಗ ವಾಹಿನಿಯಲ್ಲೇ ನೋಂದಣಿ ವಿವರ ತೋರಿಸುತ್ತಾರೆ. ಫೋನ್, ಎಸ್‌ಎಂಎಸ್ ಅಥವಾ ಅವರ ಆಪ್, ಆಮೇಲೆ ಆಡಿಷನ್. 'ಆಡಿಷನ್‌ಗೆ ಸೀಟ್ ಕೊಡಿಸ್ತೀನಿ' ಅಂತ ಹಣ ಕೇಳುವ ಮಧ್ಯವರ್ತಿ ಸಿಕ್ಕರೆ ಅಲ್ಲೇ ಕೈಮುಗಿದು ಬಿಡಿ. ಶೂಟಿಂಗ್ ದಿನ ತುಂಬಾ ಉದ್ದ ಇರುತ್ತದೆ, ಎಸಿ ಜೋರಾಗಿರುತ್ತದೆ, ಊಟದ ಹೊತ್ತು ಏರುಪೇರಾಗುತ್ತದೆ. ಬಿಪಿ, ಶುಗರ್ ಮಾತ್ರೆ ಜೊತೆಗಿರಲಿ, ನೀವೋ ಯಜಮಾನರೋ ಜೊತೆಗೆ ಹೋಗಿ. ಆಡಿಷನ್‌ನಲ್ಲಿ ಮನೆಯ ಕಷ್ಟಸುಖ ಕೆದಕಿ ಕೇಳುತ್ತಾರೆ. ಯಾವುದನ್ನು ಹೇಳಬೇಕು, ಯಾವುದು ಟಿವಿಯಲ್ಲಿ ಬರಬಾರದು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಒಮ್ಮೆ ಕ್ಯಾಮೆರಾ ಮುಂದೆ ಹೇಳಿದ್ದನ್ನು ವಾಪಸ್ ಪಡೆಯುವುದು ಕಷ್ಟ.

ಗೆದ್ದರೆ? 2011ರಲ್ಲಿ ಬಿಹಾರದ ಸುಶೀಲ್ ಕುಮಾರ್ ಕೆಬಿಸಿಯಲ್ಲಿ 5 ಕೋಟಿ ಗೆದ್ದರು. ಆಮೇಲಿನ ವರ್ಷಗಳು ಎಷ್ಟು ಕಷ್ಟವಾದವು, ಸಹಾಯ ಕೇಳಿ ಬಂದವರಲ್ಲಿ ಎಷ್ಟೋ ಜನ ಹೇಗೆ ಮೋಸ ಮಾಡಿದರು ಅಂತ ಅವರೇ ಮುಂದೆ ಬರೆದುಕೊಂಡರು. ಹಾಗಾಗಿ ಬಹುಮಾನ ಬಂದರೆ ಏನು ಮಾಡುವುದು ಅನ್ನುವ ಮಾತು ಹೋಗುವ ಮುಂಚೆಯೇ ಆಗಲಿ. ತೆರಿಗೆಯೂ ಗೊತ್ತಿರಲಿ: ಗೇಮ್ ಶೋ ಬಹುಮಾನಕ್ಕೆ ನೇರ 30% ತೆರಿಗೆ, ಅದರ ಮೇಲೆ 4% ಸೆಸ್. ಬೇರೆ ಆದಾಯ ಇಲ್ಲದಿದ್ದರೂ ವಿನಾಯಿತಿ ಇಲ್ಲ. 5 ಲಕ್ಷ ಗೆದ್ದರೆ ಒಟ್ಟು 1,56,000 ತೆರಿಗೆ. ನಗದಾದರೆ 30% ಹಿಡಿದುಕೊಂಡೇ ಕೊಡುತ್ತಾರೆ, ಸೆಸ್ ರಿಟರ್ನ್ಸ್ ಸಲ್ಲಿಸುವಾಗ ಕಟ್ಟಬೇಕು. ಕಾರು, ಬೈಕ್ ಥರದ ಬಹುಮಾನವಾದರೆ ತೆರಿಗೆ ಕಟ್ಟಿದ ಮೇಲೇ ಕೈಗೆ ಸಿಗುವುದು. ಆ ಹಣ ಹೋಗುವುದು ಸರ್ಕಾರಕ್ಕೆ, ಅದಕ್ಕೆ ಚಲನ್ ಇರುತ್ತದೆ. ಯಾರದೋ ಖಾತೆಗೆ ಕಳಿಸಿ ಅಂದರೆ ಅದು ಮತ್ತೆ ಆ ವಾಟ್ಸಾಪ್ ಮೆಸೇಜಿನವರ ಕೆಲಸ. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಮಾವನವರ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ಅಂತ ಈಗಲೇ ನೋಡಿಡಿ. ಆ ತಲೆಮಾರಿನವರ ದಾಖಲೆಗಳಲ್ಲಿ ಅದು ಬೇರೆ ಬೇರೆ ಇರುವುದೇ ಜಾಸ್ತಿ, ತಿದ್ದಿಸಲು ಟೈಮ್ ಹಿಡಿಯುತ್ತದೆ.